ಗಂಟಲಿನ ಅಂಟು

ಮೊದಲು ಕಂಡುಹಿಡಿದವರು ನಮ್ಮತ್ತೆ.

ಅತ್ತೆಗೆ ಕಿವಿ ಮಂದ. ಎದುರಿಗೆ ಕೂತವರ ಬಾಯಿ ನೋಡುತ್ತಾ ಅರ್ಧ ಕೇಳಿಸಿಕೊಂಡು, ಅರ್ಧ ಊಹಿಸುತ್ತಾರೆ. ಗಂಡಸಿ ಊರಿನ ನಮ್ಮ ಮನೆಯಲ್ಲಿ ಅವರಿಗೆ ದೂರದಿಂದಲೂ ಕೇಳುತ್ತಿದ್ದದ್ದು ನನ್ನ ದನಿ ಒಂದೇ. ಹದಿನೆಂಟು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡಿ ಪಳಗಿದ ಗಂಟಲು ನನ್ನದು. ಅಡುಗೆಮನೆಯಿಂದ ಕೂಗಿದರೆ ಹಿತ್ತಲಲ್ಲಿದ್ದ ಅತ್ತೆ, "ಯಾಕೆ ಹಂಗ್ ಬಡ್ಕೋತೀಯೆ, ನಾನೇನ್ ಕಿವುಡೀನಾ" ಎಂದು ಗೊಣಗುತ್ತಾ ಬರುತ್ತಿದ್ದರು. ನಮ್ಮಿಬ್ಬರ ಜಗಳ ಬೀದಿಗೆಲ್ಲ ಗೊತ್ತು. ನಿಜ ಹೇಳಬೇಕೆಂದರೆ ಅದರಲ್ಲಿ ಇಬ್ಬರಿಗೂ ಒಂದು ಸುಖವಿತ್ತು.

ಅವತ್ತು ಮಧ್ಯಾಹ್ನ ಊಟಕ್ಕೆ ಕೂತಿದ್ದೆವು. ಮುದ್ದೆಯನ್ನು ಅಗಿಯುವುದಿಲ್ಲ, ನುಂಗುತ್ತೇವೆ. ನಾನು ನುಂಗಿದೆ. ಅತ್ತೆಯ ಕೈ ಅರ್ಧಕ್ಕೇ ನಿಂತಿತು.

"ನಿನ್ ಗಂಟ್ಲಲ್ಲಿ ಏನೋ ಮ್ಯಾಲಕ್ಕೂ ಕೆಳಕ್ಕೂ ಓಡಾಡ್ತೈತೆ ಕಣೇ. ಇನ್ನೊಂದ್ ತುತ್ತು ನುಂಗು, ನೋಡಾನ."

ನುಂಗಿದೆ.

"ಹೂಂ. ಐತೆ."

ಅರಸೀಕೆರೆಯಲ್ಲಿ ಸ್ಕ್ಯಾನ್ ಆಯಿತು. ಕುತ್ತಿಗೆಗೆ ಸೂಜಿ ಚುಚ್ಚಿ ಒಂದಿಷ್ಟು ತೆಗೆದು ಪರೀಕ್ಷೆಗೆ ಕಳಿಸಿದರು. ರಿಪೋರ್ಟ್ ಬಂದ ದಿನ ಆಸ್ಪತ್ರೆಯ ಬಾಗಿಲಲ್ಲೇ ನಿಂತು ಬಿಚ್ಚಿ ಓದಿದೆ. ಥೈರಾಯ್ಡಿನಲ್ಲಿ ಗಂಟು. ಕೊಲಾಯ್ಡ್ ನಾಡ್ಯೂಲ್. ಬಿನೈನ್, ಅಂದರೆ ಕೇಡಿಲ್ಲದ್ದು.

ಕೊಲಾಯ್ಡ್ ಎಂಬ ಮಾತು ಓದಿದ್ದೇ ತಡ, ನನ್ನ ಹೆದರಿಕೆ ಹೋಯಿತು. ಅದು ನನ್ನ ಪಾಠ. ಕನ್ನಡ ಪುಸ್ತಕದಲ್ಲಿ ಕಲಿಲ ಎಂದಿದೆ. ಪ್ರತಿ ವರ್ಷ ಒಂದು ಲೋಟದಲ್ಲಿ ಉಪ್ಪುನೀರು, ಇನ್ನೊಂದರಲ್ಲಿ ನಾಲ್ಕು ಹನಿ ಹಾಲು ಬೆರೆಸಿದ ನೀರಿಟ್ಟು ಟಾರ್ಚ್ ಬಿಡುತ್ತೇನೆ. ಉಪ್ಪುನೀರಿನಲ್ಲಿ ಬೆಳಕಿನ ದಾರಿ ಕಾಣುವುದಿಲ್ಲ, ಹಾಲಿನ ನೀರಿನಲ್ಲಿ ಕಾಣುತ್ತದೆ. ಹಾಲಿನ ಕಣಗಳು ಬೆಳಕನ್ನು ಚೆದುರಿಸುವಷ್ಟು ದೊಡ್ಡವು. ಬಸ್ಸಿನಲ್ಲಿ ಕಂಡಕ್ಟರ್ ಆಗಿರುವ ನಮ್ಮನೆಯವರಿಗೆ ಆ ಸಂಜೆ ಪೂರ್ತಿ ಪಾಠವನ್ನೇ ಮಾಡಿದೆ.

"ಗ್ರೀಕ್ ಭಾಷೇಲಿ ಕೊಲ್ಲ ಅಂದ್ರೆ ಅಂಟು ಕಣ್ರೀ. ಹಿಂದಿನ ಕಾಲದ ಒಬ್ಬ ವಿಜ್ಞಾನಿ ಉಪ್ಪು, ಸಕ್ಕರೆ, ಗೋಂದು, ಗಂಜಿ ಎಲ್ಲಾನೂ ತೆಳು ಪೊರೆಯಲ್ಲಿ ಸೋಸಿ ನೋಡಿದ. ಉಪ್ಪು, ಸಕ್ಕರೆ ದಾಟಿದ್ವು. ಗೋಂದು, ಗಂಜಿ ದಾಟಲಿಲ್ಲ. ಹಂಗೆ ದಾಟದೆ ಉಳಿದವಕ್ಕೆ ಅಂಟಿನಂಥವು ಅಂತ ಹೆಸರಿಟ್ಟ. ಆಮೇಲೆ ಗೊತ್ತಾಯ್ತು, ಅದು ಅಂಟಿನ ಜಾತಿ ಅಲ್ಲ, ಕಣದ ಗಾತ್ರದ ವಿಷಯ ಅಂತ. ಹಾಲು, ಶಾಯಿ, ನಮ್ಮ ರಕ್ತ, ಎಲ್ಲಾ ಅದೇ ಲೆಕ್ಕ."

"ಹಂಗಾರೆ ಗಂಟ್ಲಿಗೆ ಗೋಂದು ಬಳ್ಕೊಂಡಿದೀಯ ಅನ್ನು" ಎಂದು ಅವರು ನಕ್ಕರು. ನಾನೂ ನಕ್ಕೆ.

ಆರು ತಿಂಗಳಿಗೆ ಮತ್ತೆ ಬನ್ನಿ ಎಂದು ಡಾಕ್ಟರ್ ಬರೆದಿದ್ದರು. ಹೋಗಲಿಲ್ಲ. ಬೇರೆ ಯಾರಾದರೂ ಆ ಚೀಟಿಗೆ ಹೆದರಿ ಹೋಗುತ್ತಿದ್ದರೋ ಏನೋ. ನಾನು ಟೀಚರಲ್ಲವೆ. ಉತ್ತರ ಗೊತ್ತಿದ್ದ ಪ್ರಶ್ನೆಯನ್ನು ಇನ್ನೊಬ್ಬರ ಹತ್ತಿರ ಕೇಳುವ ಅಭ್ಯಾಸವೇ ನನಗಿರಲಿಲ್ಲ. ಅತ್ತೆ ಮಾತ್ರ ಊಟಕ್ಕೆ ಕೂತಾಗಲೆಲ್ಲ "ದಪ್ಪ ಆಗೈತೆ ಕಣೇ, ತೋರ್ಸು" ಎನ್ನುತ್ತಿದ್ದರು. "ಸುಮ್ನೆ ಊಟ ಮಾಡಿ ಅತ್ತೆ" ಎಂದು ಗದರುತ್ತಿದ್ದೆ.

ಎರಡು ವರ್ಷ ಕಳೆಯಿತು. ಮುದ್ದೆ ಇಳಿಯದಾಯಿತು.

ಅಂಗಾತ ಮಲಗಿದರೆ ಉಸಿರು ಕಟ್ಟುತ್ತಿತ್ತು. ಹಾಸನದ ಆಸ್ಪತ್ರೆಯಲ್ಲಿ ಸಿಟಿ ಸ್ಕ್ಯಾನ್ ಮಾಡಿದರು. ಗಂಟು ಎದೆಮೂಳೆಯ ಹಿಂದಕ್ಕೆ ಇಳಿದು ಶ್ವಾಸನಾಳವನ್ನು ಒಂದು ಪಕ್ಕಕ್ಕೆ ತಳ್ಳಿತ್ತು. ಸರ್ಜನ್ ನನಗಿಂತ ಚಿಕ್ಕವರು. ನಾನು ಅಲ್ಲೂ ಕೊಲಾಯ್ಡ್ ಪಾಠ ಶುರುಮಾಡಿದೆ. ತಾಳ್ಮೆಯಿಂದ ಕೇಳಿ, ಆಮೇಲೆ ಹೇಳಿದರು.

"ಮೇಡಂ, ನಿಮ್ಮ ಕೆಮಿಸ್ಟ್ರಿ ಸರಿ ಇದೆ. ಆದ್ರೆ ಥೈರಾಯ್ಡಲ್ಲಿ ಕೊಲಾಯ್ಡ್ ಅಂದ್ರೆ ಹಾರ್ಮೋನ್ ಶೇಖರಣೆ ಮಾಡೋ ಅಂಟಂಟು ದ್ರವ. ರಿಪೋರ್ಟಲ್ಲಿ ಅದು ಹೇಳಿದ್ದು ಕ್ಯಾನ್ಸರ್ ಇಲ್ಲ ಅಂತ. ಬೆಳೆಯಲ್ಲ ಅಂತ ಹೇಳಿರಲಿಲ್ಲ."

ರಾಗಿಯನ್ನು ಮಣ್ಣಿನ ವಾಡೆಯಲ್ಲಿ ತುಂಬಿಡುವಂತೆ ಗ್ರಂಥಿ ತನ್ನ ಹಾರ್ಮೋನನ್ನು ಆ ಅಂಟಿನಲ್ಲಿ ತುಂಬಿಡುತ್ತದಂತೆ. ಎಲ್ಲರ ಕುತ್ತಿಗೆಯಲ್ಲೂ ಅದು ಇರುತ್ತದಂತೆ. ಇಷ್ಟು ವರ್ಷ ಪಾಠ ಮಾಡಿದ ನನಗೆ ಅದು ಗೊತ್ತಿರಲಿಲ್ಲ. ವಾರ್ಡಿನಲ್ಲಿ ಡ್ರಿಪ್ ಹಾಕುತ್ತಿದ್ದ ಸಿಸ್ಟರ್ ಕೂಡ ಅದೇ ಹೆಸರು ಎತ್ತಿದರು. ರಕ್ತನಾಳದಿಂದ ಬೇಗ ಹೊರಕ್ಕೆ ಜಾರುವ ಸಲೈನ್ ಕ್ರಿಸ್ಟಲಾಯ್ಡ್, ರಕ್ತನಾಳದಲ್ಲಿ ಹೆಚ್ಚು ಹೊತ್ತು ಉಳಿಯಬೇಕಾದ ದ್ರವ ಕೊಲಾಯ್ಡ್. ಒಂದೇ ಹೆಸರು ಲೋಟದಲ್ಲಿ, ಬಾಟಲಿಯಲ್ಲಿ, ನನ್ನ ಕುತ್ತಿಗೆಯಲ್ಲಿ. ನಾನು ಲೋಟ ಒಂದನ್ನೇ ನೋಡಿ ತೀರ್ಪು ಕೊಟ್ಟಿದ್ದೆ.

ಆಪರೇಷನ್ ಆಯಿತು. ಎಚ್ಚರವಾದಾಗ ನಮ್ಮನೆಯವರು ಪಕ್ಕದಲ್ಲಿದ್ದರು. ಅತ್ತೆ ಊಟ ಮಾಡಿದರಾ ಎಂದು ಕೇಳಬೇಕೆಂದು ಬಾಯಿ ತೆರೆದೆ.

ದನಿ ಬರಲಿಲ್ಲ.

ಗಾಳಿ ಬಂತು ಅಷ್ಟೇ. ಸೈಕಲ್ ಟ್ಯೂಬಿನಿಂದ ಬಂದ ಹಾಗೆ. ಇಎನ್‌ಟಿ ಡಾಕ್ಟರ್ ಕ್ಯಾಮೆರಾ ಬಿಟ್ಟು ನೋಡಿದರು. ದನಿ ಹೊರಡಿಸುವ ವೋಕಲ್ ಕಾರ್ಡ್‌ಗಳಲ್ಲಿ ಎಡಗಡೆಯದು ಅಲುಗುತ್ತಿರಲಿಲ್ಲ. ಗಂಟು ದೊಡ್ಡದಾಗಿದ್ದರಿಂದ ಅದನ್ನು ಬಿಡಿಸುವಾಗ ಆ ಕಾರ್ಡನ್ನು ಅಲುಗಿಸುವ ನರಕ್ಕೆ ಎಳೆತ ಬಿದ್ದಿತ್ತು. "ನರ ತುಂಡಾಗಿಲ್ಲ. ಆರು ತಿಂಗಳು, ಒಂದು ವರ್ಷ ನೋಡಬೇಕು. ಬರಬಹುದು. ಪೂರ್ತಿ ಬರದೇನೂ ಇರಬಹುದು" ಎಂದರು. ಪಿಸುಗುಟ್ಟಬೇಡಿ, ಅದರಿಂದ ಇನ್ನೂ ಶ್ರಮವಾಗುತ್ತದೆ ಎಂದೂ ಹೇಳಿದರು.

ಮನೆಗೆ ಬಂದೆ. ಅತ್ತೆ ರಾಗಿ ಗಂಜಿ ಕಾಯಿಸಿ ಇಟ್ಟಿದ್ದರು. ನನ್ನ ಬಾಯನ್ನೇ ನೋಡುತ್ತಾ ಕೂತರು. ತುಟಿ ಅಲುಗುತ್ತದೆ, ಏನೂ ಕೇಳುವುದಿಲ್ಲ. ತಮ್ಮ ಕಿವಿಯೇ ಪೂರ್ತಿ ಹೋಯಿತೆಂದುಕೊಂಡು ಕಿರುಬೆರಳು ಹಾಕಿ ತಿರುವಿಕೊಂಡರು. "ಅವಳಿಗೇ ದನಿ ಇಲ್ಲ ಕಣವ್ವ" ಎಂದು ನಮ್ಮನೆಯವರು ಕಿವಿಯ ಹತ್ತಿರ ಕೂಗಿ ಹೇಳಬೇಕಾಯಿತು. ಅವರ ಮುಖ ಸಪ್ಪಗಾಯಿತು.

ಆಮೇಲಿನ ತಿಂಗಳುಗಳಲ್ಲಿ ಮನೆ ಬಹಳ ಸದ್ದಿಲ್ಲದೆ ನಡೆಯಿತು. ನಾನು ಮೆಡಿಕಲ್ ರಜೆಯಲ್ಲಿದ್ದೆ. ಅತ್ತೆಯನ್ನು ಕರೆಯಬೇಕೆಂದರೆ ಹೋಗಿ ಹೆಗಲು ಮುಟ್ಟಬೇಕು. ಪ್ರತಿ ಸಲ ಬೆಚ್ಚಿಬೀಳುತ್ತಿದ್ದರು. ಸ್ಪೀಚ್ ಥೆರಪಿಸ್ಟ್ ಹೇಳಿಕೊಟ್ಟಂತೆ ದಿನಾ ಬಾಯಿ ಮುಚ್ಚಿ "ಮ್" ಎನ್ನುತ್ತಾ ಕೂರುತ್ತಿದ್ದೆ. ಆಪರೇಷನ್‌ಗೆ ಮುಂಚೆ ನಮ್ಮನೆಯವರಿಗೆ ಕಳಿಸಿದ್ದ ಒಂದು ವಾಯ್ಸ್ ಮೆಸೇಜ್ ಫೋನಿನಲ್ಲಿ ಉಳಿದಿತ್ತು. "ಬರ್ತಾ ಕೊತ್ತಂಬ್ರಿ ಸೊಪ್ಪು ತನ್ನಿ, ಬಾಡಿರೋದು ತಂದ್ರೆ ನಿಮಗೇ ತಿನ್ನಿಸ್ತೀನಿ." ಅದನ್ನು ಎಷ್ಟು ಸಲ ಹಾಕಿಕೊಂಡು ಕೇಳಿದೆನೋ. ಸತ್ತವರ ದನಿ ಕೇಳಿ ಜನ ಅಳುತ್ತಾರೆ. ನಾನು ಬದುಕಿದ್ದು, ನನ್ನದನ್ನೇ ಕೇಳಿ ಅಳುತ್ತಿದ್ದೆ. ಆ ಹೆಂಗಸು ನನಗೆ ಬೇಕಾಗಿದ್ದಳು, ಆ ಗಟ್ಟಿಬಾಯಿಯವಳು.

ಒಂದು ದಿನ ಅವರೆಕಾಯಿ ಸುಲಿಯುತ್ತಾ ಅತ್ತೆ ತಮ್ಮಷ್ಟಕ್ಕೆ ಅಂದರು.

"ನೀನು ಬಡ್ಕೋತಿದ್ದಾಗ ಈ ಮನೇಲಿ ಜನ ಅವ್ರೆ ಅನ್ಸೋದು ಕಣೇ. ಈಗ ನಾನೊಬ್ಳೇ ಇದ್ದಂಗೈತೆ."

ಎದ್ದು ಹೋಗಿ ಬಚ್ಚಲಿನಲ್ಲಿ ನಲ್ಲಿ ಬಿಟ್ಟುಕೊಂಡು ನಿಂತೆ.

ಎಂಟನೆಯ ತಿಂಗಳಲ್ಲಿ ಒಡಕು ದನಿ ಹೊರಟಿತು. ಕಾರ್ಡ್ ಸ್ವಲ್ಪ ಅಲುಗುತ್ತಿದೆ ಎಂದರು ಡಾಕ್ಟರ್. ಈಗ ಮೈಕು ಸಿಕ್ಕಿಸಿಕೊಂಡು ಪಾಠ ಮಾಡುತ್ತೇನೆ. ಕಲಿಲದ ಪಾಠ ಬಂದಾಗ ಕುತ್ತಿಗೆಯ ಗಾಯದ ಗುರುತನ್ನೂ ತೋರಿಸುತ್ತೇನೆ, ಪುಸ್ತಕದಲ್ಲಿಲ್ಲದ ಅರ್ಥವೂ ಒಂದಿದೆ ಎಂದು. ಇಷ್ಟಾದರೂ ಬಂತಲ್ಲ ಎಂದು ದೇವರಿಗೆ ಕೈಮುಗಿಯುತ್ತೇನೆ. ಕೈಮುಗಿದ ಮೇಲೂ ಹಳೆಯ ದನಿಯ ಆಸೆ ಹೋಗುವುದಿಲ್ಲ.

ಮೊನ್ನೆ ಬೆಳಿಗ್ಗೆ ಅತ್ತೆ ಹಿತ್ತಲ ಕಲ್ಲಿನ ಮೇಲೆ ಬಿಸಿಲು ಕಾಯಿಸುತ್ತಾ ಕೂತಿದ್ದರು. ಅಡುಗೆಮನೆಯಿಂದಲೇ ಕರೆದು ನೋಡೋಣ ಎನ್ನಿಸಿತು. "ಅತ್ತೆ, ಕಾಫಿ." ತಿರುಗಲಿಲ್ಲ. ಮತ್ತೆ ಕರೆದೆ. ಮೂರನೆಯ ಸಲ ಗಂಟಲು ಉರಿಯಿತು. ತಿರುಗಲಿಲ್ಲ. ಲೋಟ ತೆಗೆದುಕೊಂಡು ಹೋಗಿ ಹೆಗಲು ಮುಟ್ಟಿದೆ.

ನನ್ನ ಮುಖ ನೋಡಿದರು. "ಕೂಗಿದ್ದೇನೇ?"

ಹೌದೆಂದು ತಲೆಯಾಡಿಸಿದೆ.

"ಎಷ್ಟು ಸಲ?"

ಮೂರು ಬೆರಳು ತೋರಿಸಿದೆ.

ಅತ್ತೆ ಕಾಫಿ ಊದಿಕೊಂಡು ಒಂದು ಗುಟುಕು ಕುಡಿದರು.

"ನಾಳೀಕೆ ನಾಕು ಸಲ ಕೂಗು. ನಾನು ಇಲ್ಲೇ ಕೂತಿರ್ತೀನಿ."