ಕಾರ್ಡಿನ ಹಿಂದಿನ ಪುಟ

ಬಿಸ್ಕತ್ತಿನ ಪೊಟ್ಟಣ ತಂದರೂ ಅಜ್ಜಿ ಮೊದಲು ಅದರ ಹಿಂಬದಿ ಓದುತ್ತಾಳೆ ಎಂದು ನೀವು ನಗುತ್ತೀರಿ. ಆ ರೂಢಿ ಎಲ್ಲಿಂದ ಬಂತೆಂದು ಬಾಯಲ್ಲಿ ಹೇಳಲು ನನಗೆ ನಾಚಿಕೆ. ಅದಕ್ಕೇ ನಿಮ್ಮ ಹಳೆಯ ನೋಟ್‌ಬುಕ್ಕಿನಲ್ಲಿ ಉಳಿದ ಹಾಳೆಗಳಲ್ಲಿ ಬರೆಯುತ್ತಿದ್ದೇನೆ.

ನಾನು ಚೋರನೂರಿನ ಶಾಲೆಯಲ್ಲಿ ಐದನೇ ತರಗತಿವರೆಗೆ ಓದಿದವಳು. ಮಲಪನಗುಡಿಗೆ ಸೊಸೆಯಾಗಿ ಬಂದಾಗ ನಮ್ಮ ಓಣಿಯ ಹೆಂಗಸರಲ್ಲಿ ಅಷ್ಟು ಓದಿದವರೂ ಇರಲಿಲ್ಲ. ನಿಮ್ಮ ಅಜ್ಜ ತೀರಿಕೊಂಡ ಮರುವರ್ಷ ಹತ್ತು ಜನ ಸೇರಿ ಒಂದು ಕಂಪನಿಯಿಂದ ಗುಂಪು ಸಾಲ ತೆಗೆದುಕೊಂಡೆವು. ಬೇಡವೆಂದರೂ ನನ್ನನ್ನೇ ಲೀಡರ್ ಮಾಡಿದರು.

"ನಿನಗ ಮಾತಾಡಾಕ ಬರದಿದ್ರೇನಾತಕ್ಕ, ಓದಾಕ ಬರ್ತೈತಲ್ಲ" ಎಂದಳು ಪಕ್ಕದ ಮನೆಯವಳು. ನೀವು ಚಿಕ್ಕಜ್ಜಿ ಎಂದು ಕರೆಯುವುದು ಅವಳನ್ನೇ. ನಾನು ಎಮ್ಮೆ ತಂದೆ. ಅವಳು ಹಂಪಿಯಲ್ಲಿ ಸೌತೆಕಾಯಿ, ಮಾವಿನಕಾಯಿ ಹೋಳು ಮಾರಲು ತಳ್ಳುಗಾಡಿ ಮಾಡಿಕೊಂಡಳು.

ಪ್ರತಿ ಮಂಗಳವಾರ ಬೆಳಿಗ್ಗೆ ನಮ್ಮ ಮನೆ ಕಟ್ಟೆಯ ಮೇಲೆ ಸಭೆ, ಕಂತು ಒಯ್ಯಲು ಕಂಪನಿಯ ವಸೂಲಿಯವನು ಬರುತ್ತಿದ್ದ. ಸಾಲದ ಕಾರ್ಡಿನ ಮುಂದಿನ ಪುಟದಲ್ಲಿ ಒಂದು ಪ್ರತಿಜ್ಞೆ ಇತ್ತು. ಕಂತು ತಪ್ಪಿಸುವುದಿಲ್ಲ, ಒಬ್ಬರಿಗೆ ಆಗದಿದ್ದರೆ ಎಲ್ಲರೂ ಸೇರಿ ಕಟ್ಟುತ್ತೇವೆ ಎಂದು. ನಾನು ಒಂದೊಂದೇ ಸಾಲು ಓದಬೇಕು, ಉಳಿದವರು ಹಿಂದೆ ಹೇಳಬೇಕು. ಹತ್ತೂ ಕಂತು ಕೂಡುವವರೆಗೆ ಯಾರೂ ಏಳುವಂತಿಲ್ಲ. ಹಿಂದಿನ ಪುಟದಲ್ಲಿ ಎಳ್ಳಿನಷ್ಟು ಸಣ್ಣ ಅಕ್ಷರಗಳಿದ್ದವು. ಅದನ್ನು ಓದು ಎಂದು ಯಾರೂ ಹೇಳಲಿಲ್ಲ, ನಾನೂ ಓದಲಿಲ್ಲ.

ಒಂದು ಮಳೆಗಾಲ ನಿಮ್ಮ ಚಿಕ್ಕಜ್ಜಿಗೆ ಚಿಕನ್‌ಗುನ್ಯಾ ಬಂತು. ಕೀಲೆಲ್ಲ ಹಿಡಿದುಕೊಂಡು ಗಾಡಿ ತಳ್ಳಲು ಆಗಲಿಲ್ಲ. ಮೊದಲ ವಾರ ಅವಳು ಹೇಗೋ ಸಭೆಗೆ ಬಂದು ಕೂತಳು, ಕಂತನ್ನು ನಾವು ಕೂಡಿಸಿ ಕಟ್ಟಿದೆವು. ಎರಡನೇ ವಾರ ಕೂಡಿಸಲು ಯಾರ ಬಳಿಯೂ ದುಡ್ಡಿರಲಿಲ್ಲ, ಅವಳೂ ಬರಲಿಲ್ಲ, ವಸೂಲಿಯವನು ಒಂಬತ್ತೇ ಕಂತು ತೆಗೆದುಕೊಂಡು ಸಿಟ್ಟಿನಿಂದ ಎದ್ದು ಹೋದ. ಅಂದು ಸಂಜೆ ಏಳರ ಸುಮಾರಿಗೆ ಹಿತ್ತಲಿನಿಂದ ಬಂದು, "ಅಕ್ಕಾ, ವಸೂಲಿಯವನು ಓಣಿ ಬಾಯಾಗ ಬೈಕ್ ನಿಲ್ಲಿಸ್ಯಾನ. ನಿನ್ನ ಬಚ್ಚಲದಾಗ ಇರ್ತೀನಿ, ಹೇಳಬ್ಯಾಡ" ಎಂದು ಒಳಗೆ ಹೋಗಿ ಚಿಲಕ ಹಾಕಿಕೊಂಡಳು.

ಅವಳ ಮನೆಯಲ್ಲಿ ಯಾರೂ ಸಿಗದೆ ಅವನು ನಮ್ಮ ಅಂಗಳಕ್ಕೇ ಬಂದ. ಗುಂಪಿನ ಇನ್ನಿಬ್ಬರನ್ನೂ ಎಬ್ಬಿಸಿಕೊಂಡು ಬಂದಿದ್ದ.

"ಏನಮ್ಮ ಲೀಡರ್, ಎಲ್ಲಿ ನಿಮ್ಮ ಮಹಾರಾಣಿ?"

ನಾನು ಸೆರಗು ತಲೆಯ ಮೇಲೆ ಎಳೆದುಕೊಂಡೆ.

"ಸಾಲ ತಗೊಳ್ಳೋವಾಗ ಜರಿ ಸೀರಿ ಉಟ್ಕೊಂಡು ಫೋಟೋಕ್ಕ ನಿಂತಿದ್ರಿ. ಈಗ ಬಾಯಿ ಬಿದ್ದೈತೇನು? ಹೇಳಾಕ ಆಗಲ್ಲಾಂದ್ರ ನೀವ ಕಟ್ರಿ. ಗಂಡ ಇಲ್ಲ, ಖರ್ಚರ ಏನೈತಿ ನಿಮಗ?"

ಓಣಿಯವರೆಲ್ಲ ಬಾಗಿಲಿಗೆ ಬಂದಿದ್ದರು. ಜೊತೆಗಿದ್ದವಳೊಬ್ಬಳು, "ಎಲ್ಲದಾಳ ಹೇಳಿಬಿಡಬೇ, ಇಲ್ಲಾಂದ್ರ ನಮ್ಮನಿಗೂ ಬರ್ತಾನ" ಎಂದು ಪಿಸುಗುಟ್ಟಿದಳು. ಅವನು ತೊಲಗಿದರೆ ಸಾಕಾಗಿತ್ತು ನನಗೆ. ಬಾಯಿ ಬಿಡಲಿಲ್ಲ, ಮಕ್ಕಳೇ. ಕಣ್ಣು ಮಾತ್ರ ಬಚ್ಚಲಿನ ಕಡೆ ಹೋಯಿತು. ತಾನಾಗಿ ಹೋಯಿತೆಂದು ಬಹಳ ದಿನ ನನಗೆ ನಾನೇ ಹೇಳಿಕೊಂಡೆ. ತಾನಾಗಿ ಹೋಗಿರಲಿಲ್ಲ.

ಅವನು ಬಚ್ಚಲಿನ ತಗಡಿನ ಬಾಗಿಲು ಬಡಿದು, ನಿಮಗೆ ಹೇಳಬಾರದ ಮಾತುಗಳನ್ನಾಡಿದ. ಅವಳು ಗೋಡೆ ಹಿಡಿದುಕೊಂಡು ಹೊರಗೆ ಬಂದಳು.

"ಕಿವ್ಯಾಗ ಬಂಗಾರ ಹೊಳೀತೈತಿ, ಕಂತಿಗೆ ಮಾತ್ರ ಇಲ್ಲೇನು?"

ಅವಳು ಬೆಂಡೋಲೆ ಬಿಚ್ಚಲು ನೋಡಿದಳು. ಬಾತ ಬೆರಳಿಗೆ ತಿರುಪು ಸಿಗಲಿಲ್ಲ. ನಾನೇ ಬಿಚ್ಚಿದೆ.

ಮರುದಿನ ಹೊಸಪೇಟೆಗೆ ಹೋಗಿ ಅವನ್ನು ಅಡವಿಟ್ಟು, ಕಂಪನಿಯ ಆಫೀಸಿನಲ್ಲಿ ಕಂತು ಕಟ್ಟಿದೆ. ಬಸ್ ಸ್ಟ್ಯಾಂಡಿನಲ್ಲಿ ಕೂತಾಗ ಯಾರ ಮುಖ ನೋಡಲೂ ಮನಸ್ಸಾಗದೆ ಕೈಯಲ್ಲಿದ್ದ ಕಾರ್ಡನ್ನೇ ನೋಡುತ್ತಿದ್ದೆ. ಅದನ್ನು ತಿರುವಿ ಹಾಕಿದ್ದು ಅದೇ ಮೊದಲು. ಬೆಳಿಗ್ಗೆ ಒಂಬತ್ತಕ್ಕೆ ಮೊದಲು, ಸಂಜೆ ಆರರ ಮೇಲೆ ವಸೂಲಿಗೆ ಬರುವಂತಿಲ್ಲ. ಎರಡು ಸಭೆ ಸಾಲಾಗಿ ತಪ್ಪಿಸಿದರೆ ಮಾತ್ರ ಮನೆಗೆ ಬರಬಹುದು. ಬೈಯುವಂತಿಲ್ಲ, ಬೆದರಿಸುವಂತಿಲ್ಲ, ನೆಂಟರಿಗೂ ಗೆಳತಿಯರಿಗೂ ಕಾಟ ಕೊಡುವಂತಿಲ್ಲ. ದೂರು ಹೇಳಲು ಕೆಳಗೆ ನಂಬರಿತ್ತು. ಸಾಲ ಕಟ್ಟಬೇಡಿ ಎಂದೇನೂ ಅಲ್ಲಿ ಇರಲಿಲ್ಲ. ಕಟ್ಟುವವರನ್ನು ಮನುಷ್ಯರಂತೆ ಕಾಣಬೇಕು ಎಂದಿತ್ತು, ಅಷ್ಟೇ. ಎರಡು ಬಸ್ಸು ಬಿಟ್ಟೆ.

ಮನೆಗೆ ಬಂದು ಅವಳಿಗೆ ಎಲ್ಲ ಓದಿ ಹೇಳಿದೆ. ಕಿವಿಯ ತೂತು ಮುಚ್ಚಬಾರದೆಂದು ಅವಳು ಕಸಬರಿಗೆ ಕಡ್ಡಿ ಮುರಿದು ಸಿಕ್ಕಿಸಿಕೊಳ್ಳುತ್ತಿದ್ದಳು.

"ಇದು ಮೊದಲಿಂದ ಅಲ್ಲೇ ಇತ್ತೇನಕ್ಕ?"

"ಹೂಂ."

"ನೀ ಓದಿದ್ದಿಲ್ಲ?"

"ಇಲ್ಲವ್ವ."

ಅವಳು ಇನ್ನೊಂದು ಕಡ್ಡಿ ಮುರಿದಳು.

ಆ ನಂಬರಿಗೆ ಫೋನು ಮಾಡಿದೆ. ಆ ಕಡೆಯ ಹುಡುಗಿ "ಜೋರಾಗಿ ಮಾತಾಡಿ ಅಮ್ಮ" ಎಂದು ಮೂರು ಸಲ ಹೇಳಬೇಕಾಯಿತು. ಮುಂದಿನ ಮಂಗಳವಾರವೂ ಅವನೇ ಬಂದ. ಪ್ರತಿಜ್ಞೆ ಮುಗಿದ ಮೇಲೆ ನಾನು ಕಾರ್ಡು ತಿರುವಿ ಹಿಂದಿನ ಪುಟ ಓದತೊಡಗಿದೆ. ಬೈಯುವಂತಿಲ್ಲ ಎಂದೆ. ರೂಢಿಯಂತೆ ಒಂಬತ್ತು ಜನವೂ "ಬೈಯುವಂತಿಲ್ಲ" ಎಂದರು. ಸಂಜೆ ಆರರ ಮೇಲೆ ಬರುವಂತಿಲ್ಲ ಎಂದೆ. ಅದನ್ನೂ ಹೇಳಿದರು.

"ಇದನ್ಯಾರು ಕಲಿಸಿದ್ರು ನಿಮಗ?" ಎಂದ ಅವನು.

"ನಿಮ್ಮ ಕಾರ್ಡ ರೀ ಸಾರ್, ನೀವ ಕೊಟ್ಟದ್ದು" ಎಂದಳು ಕಡ್ಡಿ ಕಿವಿಯವಳು.

ಎಲ್ಲರೂ ನಕ್ಕರು. ನನಗೆ ನಗು ಬರಲಿಲ್ಲ. ಕೆಲವು ವಾರ ಬಿಟ್ಟು ಅವನ ಬದಲಿಗೆ ಬೇರೊಬ್ಬ ಬಂದ, ಕಟ್ಟೆಯ ಮೇಲೆ ಕೂತು ಕಂತು ತೆಗೆದುಕೊಂಡು ಹೋಗುತ್ತಿದ್ದ. ನನ್ನ ವಿಧವಾ ಪಿಂಚಣಿಯಲ್ಲಿ ಉಳಿಸಿ ಬೆಂಡೋಲೆ ಬಿಡಿಸಿಕೊಟ್ಟೆ. "ನೀ ಯಾಕ ಬಿಡಿಸಿದಿ?" ಎಂದು ಅವಳು ಜಗಳವಾಡಿದಳು. ಹಿಂದಿನ ಪುಟ ಓದದ್ದಕ್ಕೆ ಎಂದೆ.

ಅದು ಅರ್ಧ ಮಾತು. ಅವಳು ಬಾಗಿಲ ಒಳಗಿದ್ದಳು, ನನ್ನ ಕಣ್ಣು ನೋಡಿಲ್ಲ. ಅವನೇ ಹುಡುಕಿದನೆಂದು ಇವತ್ತಿಗೂ ತಿಳಿದಿದ್ದಾಳೆ. ಅವಳಿಗೆ ಓದು ಬಾರದು, ಇದನ್ನು ನಾನೇ ಓದಿ ಹೇಳಬೇಕು. ಈ ನೋಟ್‌ಬುಕ್ ಸೆರಗಿನಲ್ಲಿ ಮುಚ್ಚಿಕೊಂಡು ಎರಡು ಸಲ ಅವಳ ಮನೆಗೆ ಹೋಗಿದ್ದೆ. ಎರಡು ಸಲವೂ ಚಾ ಕುಡಿದು ಬಂದೆ.