ದೊಡ್ಡ ಬ್ಯಾಟರಿಯ ಕಾರು

ಡ್ರೈವಿಂಗ್ ಮೇಷ್ಟ್ರ ಹತ್ತಿರ ಬೈಸಿಕೊಳ್ಳದೆ ಸ್ಟೀರಿಂಗ್ ಹಿಡಿದವರು ಆ ಊರಿನಲ್ಲಿ ಬಹಳ ಮಂದಿ ಇರಲಿಲ್ಲ. ಬ್ಯಾಂಕಿನ ಮ್ಯಾನೇಜರು, ಹಲ್ಲಿನ ಡಾಕ್ಟರು, ಇಬ್ಬರು ವಕೀಲರು, ಆಂಬುಲೆನ್ಸ್ ಓಡಿಸುವವನು, ಎಲ್ಲರೂ ಅವರ ಪಕ್ಕ ಕೂತು ಬೆವರಿದವರೇ. ಮೂವತ್ತೊಂದು ವರ್ಷ ಮೇಷ್ಟ್ರು ಪಕ್ಕದ ಸೀಟಿನಲ್ಲಿ ಕೂತು, ತಮ್ಮ ಕಾಲ ಕೆಳಗೂ ಒಂದು ಬ್ರೇಕು, ಒಂದು ಕ್ಲಚ್ಚು ಇಟ್ಟುಕೊಂಡು, ಊರಿಗೆ ಊರನ್ನೇ ರಸ್ತೆಗೆ ಇಳಿಸಿದ್ದರು. "ಕನ್ನಡಿ ಇರೋದು ತಲೆ ಬಾಚ್ಕೊಳ್ಳೋಕಾ?" ಎಂದು ಅವರು ಗುಡುಗಿದರೆ ವಕೀಲರು ಕೂಡ ತುಟಿ ಪಿಟಕ್ಕೆನ್ನುತ್ತಿರಲಿಲ್ಲ. ಕೋಪ ಮೂಗಿನ ತುದಿಯಲ್ಲೇ ಇತ್ತು, ನಿಜ. ಆದರೆ ಅವರ ಹತ್ತಿರ ಕಲಿತವರು ಲೈಸೆನ್ಸ್ ಪರೀಕ್ಷೆಯಲ್ಲಿ ನಪಾಸಾದದ್ದು ಕಡಿಮೆ.

ಇಷ್ಟು ಜನಕ್ಕೆ ಕಲಿಸಿದ ಮನುಷ್ಯ ಕಟ್ಟಿಕೊಂಡ ಹೆಂಡತಿಗೆ ಕಲಿಸಿರಲಿಲ್ಲ. ಶುರು ಮಾಡಿದ್ದರು, ಮುಗಿಸಿರಲಿಲ್ಲ ಎನ್ನಬೇಕು. ಮದುವೆಯಾಗಿ ಐದಾರು ವರ್ಷವಾಗಿದ್ದಾಗ ಆಕೆಯೇ ಬಾಯಿಬಿಟ್ಟು ಕೇಳಿದ್ದರು. ಆಕೆಯ ಅಕ್ಕನ ಮನೆ ಪಕ್ಕದ ಊರಿನಲ್ಲಿ, ನಲವತ್ತು ಕಿಲೋಮೀಟರು ದೂರ. ಎರಡು ಬಸ್ಸು ಬದಲಾಯಿಸಬೇಕು, ಎರಡನೆಯದು ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. "ಕರ್ಕೊಂಡು ಹೋಗಿ" ಅಂದರೆ ಮೇಷ್ಟ್ರದ್ದು ಒಂದೇ ಮಾತು, "ಭಾನುವಾರ ನೋಡೋಣ". ಭಾನುವಾರವೇ ಅವರಿಗೆ ಕಲಿಯುವವರ ಜಾತ್ರೆ. ಅಕ್ಕನ ಮನೆಗೆ ಬೇಕೆಂದಾಗ ತಾನೇ ಹೋಗಿ ಬರಬೇಕು, ಆಕೆಗೆ ಬೇಕಿದ್ದದ್ದು ಅಷ್ಟೆ.

ಮೊದಲ ದಿನ ಚೆನ್ನಾಗೇ ಆಯಿತು. ಎರಡನೇ ದಿನ ಕ್ಲಚ್ಚು ಬಿಡುವಾಗ ಗಾಡಿ ಮೂರು ಸಲ ಎಗರಿ ಆಫಾಯಿತು. ಹಿಂದಿನ ಸೀಟಿನಲ್ಲಿ ಸರದಿಗೆ ಕಾಯುತ್ತಿದ್ದ ಇಬ್ಬರು ಕಿಸಕ್ಕೆಂದು ನಕ್ಕರು. "ಆ ಕಾಲು ನಿಂದೇ ತಾನೇ? ಇಲ್ಲಾ ಯಾರ ಹತ್ರಾನಾದ್ರೂ ಕಡ ತಂದಿದೀಯಾ?" ಎಂದರು ಮೇಷ್ಟ್ರು. ಆಕೆ ಹ್ಯಾಂಡ್‌ಬ್ರೇಕ್ ಎಳೆದು, ಕೀಲಿ ತೆಗೆದು ಗಂಡನ ಅಂಗೈಗಿಟ್ಟು, ಇಳಿದು ಮನೆಗೆ ನಡೆದುಹೋದರು. ಜಗಳವಿಲ್ಲ, ಅಳುವಿಲ್ಲ. ಮಧ್ಯಾಹ್ನ ಊಟವೂ ಬಡಿಸಿದರು. ಕಾರಿನ ಮಾತು ಮಾತ್ರ ಮತ್ತೆ ಎತ್ತಲಿಲ್ಲ.

ಆಮೇಲೆ ಮೇಷ್ಟ್ರು ಎರಡು ಮೂರು ಸಲ ಕರೆದರು. ಕರೆದ ರೀತಿ ಹೇಗಿತ್ತೆಂದರೆ ಯಾರೂ ಬರುವಂತಿರಲಿಲ್ಲ. ನೆಂಟರಿಷ್ಟರ ಮುಂದೆ "ನಮ್ಮನೆಯವಳಿಗೂ ಕ್ಲಚ್ಚಿಗೂ ಎಣ್ಣೆ ಸೀಗೇಕಾಯಿ" ಎಂದು ನಗಾಡುತ್ತಿದ್ದರು. ಆಕೆಯೂ ನಗುತ್ತಿದ್ದರು. ವಯಸ್ಸಾಗುತ್ತಾ ಬಂದಹಾಗೆ ಆ ನಗು ಮೇಷ್ಟ್ರಿಗೆ ಚುಚ್ಚತೊಡಗಿತು. ಕಲಿಸಲು ಹೋಗಿ ಕೆಡಿಸಿದ್ದು ಒಬ್ಬಳನ್ನೇ, ಅವಳೂ ಇವಳೇ ಆಗಬೇಕಿತ್ತೆ ಎಂದು ಒಳಗೊಳಗೇ ಕೊರಗುತ್ತಿದ್ದರು. ಹೇಳಿಕೊಳ್ಳುವ ಜಾಯಮಾನ ಅವರದ್ದಲ್ಲ.

ಮಂಡಿನೋವು ಜಾಸ್ತಿಯಾಗಿ ಡ್ರೈವಿಂಗ್ ಸ್ಕೂಲು ಮುಚ್ಚಿದಾಗ ಮೇಷ್ಟ್ರು ಎರಡೂ ಹಳೆಯ ಗಾಡಿಗಳನ್ನು ಮಾರಿ, ಬೋರ್ಡು ಇಳಿಸಿ, ನೇರ ಶೋರೂಮಿಗೆ ಹೋಗಿ ಎಲೆಕ್ಟ್ರಿಕ್ ಕಾರೊಂದನ್ನು ಬುಕ್ ಮಾಡಿದರು. ಅವರ ಲೆಕ್ಕಾಚಾರ ಸರಳವಾಗಿತ್ತು. ಆ ಕಾರಿಗೆ ಕ್ಲಚ್ಚಿಲ್ಲ, ಗೇರಿಲ್ಲ. ಕ್ಲಚ್ಚಿಲ್ಲದ ಮೇಲೆ ಎಗರುವುದಿಲ್ಲ, ಎಗರದ ಮೇಲೆ ಬೈಯುವ ಪ್ರಮೇಯವೇ ಇಲ್ಲ. ಹೆಂಡತಿಯನ್ನು ಆ ಸೀಟಿನಲ್ಲಿ ಕೂರಿಸಿ, ಅಂದು ಎರಡನೇ ದಿನಕ್ಕೆ ನಿಂತುಹೋದ ಪಾಠವನ್ನು ಮುಗಿಸಿಬಿಡಬೇಕು. ಈ ಜನ್ಮದಲ್ಲಿ ಬಾಕಿ ಉಳಿದ ಕೆಲಸ ಇದೊಂದೇ ಅನ್ನಿಸಿತ್ತು ಅವರಿಗೆ.

"ಈ ಕಾರು ನಿಂಗೆ ಕಣೇ. ನೀನೇ ಓಡಿಸ್ಬೇಕು" ಎಂದರು ಮನೆಗೆ ಬಂದು.

ಆಕೆ ಸೊಪ್ಪು ಬಿಡಿಸುತ್ತಿದ್ದವರು ತಲೆಯೆತ್ತಿ ನೋಡಿದರು. "ಯಾವಾಗ ಬರುತ್ತೆ?" ಎಂದಷ್ಟೇ ಕೇಳಿ, ಒಂಥರಾ ಗುಟ್ಟಾಗಿ ನಕ್ಕರು. ಎಷ್ಟೋ ವರ್ಷಗಳ ಮೇಲೆ ಅಂಥ ನಗು ಕಂಡ ಮೇಷ್ಟ್ರಿಗೆ ಅಂದೆಲ್ಲ ಕಾಲು ನೆಲದ ಮೇಲೆ ನಿಲ್ಲಲಿಲ್ಲ.

ಕಾಯುವುದು ಅಂದುಕೊಂಡಷ್ಟು ಸುಲಭವಾಗಲಿಲ್ಲ. ಗಾಡಿಯಿಲ್ಲದ ಮೇಷ್ಟ್ರು ಬಸ್ಸಿನಲ್ಲಿ ಕಂಬಿ ಹಿಡಿದು ನೇತಾಡುವುದನ್ನು ನೋಡಿ ಹಳೆಯ ಶಿಷ್ಯರು ಕಾರಿನ ಕಿಟಕಿಯಿಂದ ಕೈಬೀಸುತ್ತಿದ್ದರು. ಡ್ರೈವರು ತಿರುವಿನಲ್ಲಿ ಜೋರಾಗಿ ಹೋದರೆ ಇವರ ಬಲಗಾಲು ತಾನಾಗಿಯೇ ಬಸ್ಸಿನ ನೆಲವನ್ನು ಒತ್ತುತ್ತಿತ್ತು. ಪಕ್ಕದಲ್ಲಿ ನಿಂತವರ ಪಾದ ತುಳಿದು ಎರಡು ಸಲ ಬೈಸಿಕೊಂಡರು. ಬೈಸಿಕೊಳ್ಳುವುದು ಹೇಗಿರುತ್ತದೆ ಎಂದು ಅವರಿಗೆ ಸ್ವಲ್ಪ ತಡವಾಗಿ ಗೊತ್ತಾಯಿತು.

ಎರಡು ತಿಂಗಳಿಗೆ ಶೋರೂಮಿನಿಂದ ಫೋನ್ ಬಂತು. ಕಾರು ಬಂದಿದೆ, ನಾಳೆ ಮಧ್ಯಾಹ್ನ ಇಬ್ಬರೂ ಬಂದು ತೆಗೆದುಕೊಂಡು ಹೋಗಿ. ಮೇಷ್ಟ್ರಿಗೆ ಮಧ್ಯಾಹ್ನದವರೆಗೆ ತಡೆಯಲಾಗಲಿಲ್ಲ. ಟೈರು, ಬಾಗಿಲು, ಬಣ್ಣ ಎಲ್ಲ ಮೊದಲೇ ನೋಡಿಬರುತ್ತೇನೆಂದು ಬೆಳಿಗ್ಗೆಯೇ ಒಬ್ಬರೇ ಹೋದರು. ಅಲ್ಲಿ ಕಾರು ಒಪ್ಪಿಸುವ ಹೆಂಗಸು ಮಾತಿನ ನಡುವೆ ಇದೇ ಕಾರು ದೊಡ್ಡ ಬ್ಯಾಟರಿಯಲ್ಲೂ ಬರಲಿದೆ ಅಂದಳು. ಆ ಮಾತು ಮೇಷ್ಟ್ರ ತಲೆಗೆ ಹುಳ ಬಿಟ್ಟಂತಾಯಿತು. ಅರ್ಧ ಟ್ಯಾಂಕಿಗಿಂತ ಕೆಳಗೆ ಪೆಟ್ರೋಲು ಇಳಿಯಲು ಬಿಟ್ಟ ಮನುಷ್ಯನೇ ಅಲ್ಲ ಅವರು. ಹೆಂಡತಿ ಒಬ್ಬಳೇ ಅಕ್ಕನ ಮನೆಗೆ ಹೊರಟು ನಡುದಾರಿಯಲ್ಲಿ ಚಾರ್ಜ್ ಮುಗಿದು ನಿಂತರೆ? ನಿಲ್ಲುವುದಿಲ್ಲ ಸರ್, ಇದರಲ್ಲೇ ಮೂರು ಸಲ ಹೋಗಿಬರಬಹುದು ಎಂದು ಶೋರೂಮಿನವಳು ಹೇಳಿದಳು. ಈಗ ಬಿಟ್ಟರೆ ಸಾಲಿನಲ್ಲಿ ಹಿಂದಕ್ಕೆ ಹೋಗುತ್ತೀರಿ ಎಂದೂ ಎಚ್ಚರಿಸಿದಳು. ಪಾಪ, ಅವಳೂ ಮೇಷ್ಟ್ರ ಶಿಷ್ಯೆಯೇ. ಗಟ್ಟಿಯಾಗಿ ಎದುರಾಡುವ ಧೈರ್ಯ ಬರಲಿಲ್ಲ.

ಮೇಷ್ಟ್ರು ಬರಿಗೈಯಲ್ಲಿ ವಾಪಸು ಬಂದಾಗ ಹೆಂಡತಿ ಹೊರಡಲು ಸಿದ್ಧವಾಗಿ, ಚೀಲ ಹಿಡಿದು ಬಾಗಿಲಲ್ಲೇ ನಿಂತಿದ್ದರು.

"ಇವತ್ತು ಬೇಡ ಅಂದ್ಬಿಟ್ಟೆ. ದೊಡ್ಡ ಬ್ಯಾಟರೀದು ಬರುತ್ತಂತೆ. ನಿನ್ನ ಒಳ್ಳೇದಕ್ಕೇ" ಎಂದರು ಮೇಷ್ಟ್ರು.

"ನನ್ನ ಒಂದು ಮಾತು ಕೇಳ್ಬಹುದಿತ್ತು" ಎಂದರು ಆಕೆ.

"ನಿಂಗೇನು ಗೊತ್ತಾಗುತ್ತೆ ಬ್ಯಾಟರಿ ವಿಷಯ?"

ಆಕೆ ಒಳಗೆ ಹೋದರು. ಮೇಷ್ಟ್ರು ಚಪ್ಪಲಿ ಬಿಟ್ಟು ಪೇಪರು ಹಿಡಿದರು.

ದೊಡ್ಡ ಬ್ಯಾಟರಿ ಇಂದು ಬರುತ್ತೆ, ನಾಳೆ ಬರುತ್ತೆ ಎಂದು ಆರು ತಿಂಗಳು ಹಿಡಿಯಿತು. ಅಷ್ಟರಲ್ಲಿ ಮನೆಯಲ್ಲಿ ಸಣ್ಣಪುಟ್ಟದ್ದು ಏನೇನೋ ಆಯಿತು. ಹೆಂಡತಿ ಬಾಗಿಲ ಚೌಕಟ್ಟಿಗೆ ಭುಜ ತಾಗಿಸಿಕೊಂಡರು, ಮೇಜಿನ ಅಂಚಿನಲ್ಲಿದ್ದ ಲೋಟ ಬೀಳಿಸಿದರು. "ನೋಡ್ಕೊಂಡು ನಡಿಯೋಕೇನು?" ಎಂದರು ಮೇಷ್ಟ್ರು. ಕಣ್ಣಿನ ಡಾಕ್ಟರ ಹತ್ತಿರ ಹೋಗಬೇಕು ಅಂದಾಗ "ಕನ್ನಡಕ ತಾನೇ, ನೀನೇ ಹೋಗಿ ಬಾ" ಎಂದರು. ಫ್ರಿಜ್ಜಿನ ಬಾಗಿಲಲ್ಲಿ ಕಣ್ಣಿಗೆ ಹಾಕುವ ಔಷಧಿಯ ಸಣ್ಣ ಸೀಸೆಯೊಂದು ಬಂದು ಕೂತಿತು. ಮೇಷ್ಟ್ರು ದಿನವೂ ಅದನ್ನು ಪಕ್ಕಕ್ಕೆ ಸರಿಸಿ ನೀರಿನ ಬಾಟಲಿ ತೆಗೆಯುತ್ತಿದ್ದರು.

ಕಡೆಗೂ ಕಾರು ಬಂತು. ಶೋರೂಮಿನ ಒಂದು ಮೂಲೆಯಲ್ಲಿ, ಸೀಟಿಗೆ ಹಾಕಿದ ಪ್ಲಾಸ್ಟಿಕ್ ಇನ್ನೂ ತೆಗೆಯದೆ, ತೊಳೆದು ಒರೆಸಿ ನಿಲ್ಲಿಸಿದ್ದರು. ಶಿಷ್ಯೆ ಚಾರ್ಜಿನ ವೈರು ಸಿಕ್ಕಿಸುವುದು, ಪರದೆಯ ಮೇಲೆ ಬೆರಳಾಡಿಸುವುದು ಎಲ್ಲ ತೋರಿಸಿದಳು. ಮೇಷ್ಟ್ರು ಬಗ್ಗಿ ಟೈರು ಮುಟ್ಟಿದರು, ಸ್ಟೆಪ್ನಿ ಎಲ್ಲಿ ಎಂದು ಕೇಳಿದರು, ಇಲ್ಲವೆಂದಾಗ ಮುಖ ಗಂಟಿಕ್ಕಿದರು. ಆಮೇಲೆ ಜೇಬಿನಿಂದ ಮಡಿಸಿದ ಕಾಗದವೊಂದನ್ನು ತೆಗೆದು ಕಾರಿನ ಬಾನೆಟ್ ಮೇಲೆ ಹರಡಿದರು. ಕಲಿಯುವವರ ಲೈಸೆನ್ಸಿನ ಅರ್ಜಿ. ಹೆಂಡತಿಯ ಹೆಸರು, ವಿಳಾಸ, ಹುಟ್ಟಿದ ದಿನ, ಎಲ್ಲವನ್ನೂ ತಮ್ಮ ದುಂಡು ಅಕ್ಷರದಲ್ಲಿ ತುಂಬಿದ್ದರು. ಸಹಿ ಒಂದೇ ಬಾಕಿ.

"ಸೈನ್ ಮಾಡು" ಎಂದು ಪೆನ್ನು ಕೊಟ್ಟರು. "ಹಿಂದಿನ ಅಂಗಳ ಖಾಲಿ ಇದೆ, ಇವ್ರು ಒಪ್ಪಿದಾರೆ. ಇವತ್ತು ಅಲ್ಲೇ ಐವತ್ತು ಹೆಜ್ಜೆ ಓಡಿಸು ಸಾಕು. ನಾನು ಬಾಯಿಗೆ ಬೀಗ ಹಾಕ್ಕೊಂಡು ಕೂತಿರ್ತೀನಿ." ಈ ಮಾತನ್ನು ಎಂಟು ತಿಂಗಳಿಂದ ಮನಸ್ಸಿನಲ್ಲೇ ತಿದ್ದಿ ತೀಡಿ ಇಟ್ಟುಕೊಂಡಿದ್ದರು ಅವರು.

ಆಕೆ ಅರ್ಜಿಯನ್ನು ಎತ್ತಿಕೊಂಡು ಮುಖದ ನೇರಕ್ಕೆ ಹಿಡಿದು ನಿಧಾನವಾಗಿ ಓದಿದರು. ಅದನ್ನು ಮತ್ತೆ ಬಾನೆಟ್ ಮೇಲಿಟ್ಟು, ಪೆನ್ನು ಮುಚ್ಚಿ ಗಂಡನಿಗೆ ವಾಪಸು ಕೊಟ್ಟರು. ಆಮೇಲೆ ಚೀಲದೊಳಗಿನ ಸಣ್ಣ ಪರ್ಸಿನಿಂದ ಒಂದು ಕಾರ್ಡು ತೆಗೆದು ಅರ್ಜಿಯ ಮೇಲಿಟ್ಟರು.

ಮೇಷ್ಟ್ರು ತಮ್ಮ ಜೀವಮಾನದಲ್ಲಿ ಅಂಥ ಸಾವಿರಾರು ಕಾರ್ಡು ನೋಡಿದ್ದರು. ಆದರೂ ಅದು ಏನೆಂದು ತಿಳಿಯಲು ಒಂದು ಗಳಿಗೆ ಬೇಕಾಯಿತು. ಹೆಂಡತಿಯ ಫೋಟೋ ಇತ್ತು. ಮೊದಲು ಕೊಟ್ಟ ತಾರೀಕು ಇಪ್ಪತ್ತೆರಡು ವರ್ಷ ಹಿಂದಿನದು. ಅವಧಿ ಮುಗಿದು ಎರಡು ತಿಂಗಳಾಗಿತ್ತು.

"ಇದೆಲ್ಲಿ ಮಾಡಿಸ್ದೆ?"

"ಊರಿನ ಆ ತುದೀಲಿ ಟೀಚರಮ್ಮನ ಡ್ರೈವಿಂಗ್ ಸ್ಕೂಲಿತ್ತಲ್ಲ, ಅಲ್ಲಿ ಕಲ್ತೆ. ಮಧ್ಯಾಹ್ನ ಹೊತ್ತು. ಹೊಲಿಗೆ ಕ್ಲಾಸು ಅಂತ ಹೇಳಿ ಹೋಗ್ತಿದ್ದೆ."

ಆರು ತಿಂಗಳು ಹೊಲಿಗೆ ಕಲಿತು ಒಂದು ದಿಂಬಿನ ಚೀಲವನ್ನೂ ಹೊಲಿಯದ ಹೆಂಡತಿಯನ್ನು ಆಗ ಮೇಷ್ಟ್ರು ನಾಲ್ಕು ಜನರ ಮುಂದೆ ಗೇಲಿ ಮಾಡಿದ್ದರು. ಈಗ ಅದು ನೆನಪಾಯಿತು. ಶಿಷ್ಯೆ ಏನೋ ನೆಪ ಹೇಳಿ ಅಲ್ಲಿಂದ ಸರಿದುಹೋದಳು.

"ಯಾಕೆ ಹೇಳ್ಲಿಲ್ಲ?"

"ಮೇಷ್ಟ್ರ ಹೆಂಡ್ತಿ ಬೇರೆ ಕಡೆ ಕಲ್ತಳು ಅಂದ್ರೆ ಸ್ಕೂಲಿಗೆ ಯಾರು ಬರ್ತಿದ್ರು? ಬೇಡ ಅಂತ ಸುಮ್ಮನಾದೆ. ಒಂದಲ್ಲ ಒಂದು ದಿನ ನೀವೇ ಕೀಲಿ ಕೊಡ್ತೀರ, ಆಗ ತೋರಿಸೋಣ ಅನ್ಕೊಂಡಿದ್ದೆ. ಪ್ರತಿ ಸಲ ಮುಗಿಯೋ ಮುಂಚೆ ಹೋಗಿ ಹೊಸದು ಮಾಡಿಸ್ತಿದ್ದೆ." ಆಕೆ ಕಾರ್ಡನ್ನು ಮತ್ತೆ ಪರ್ಸಿಗೆ ಹಾಕಿದರು. "ಈ ಸಲ ಆಗ್ಲಿಲ್ಲ. ಕಣ್ಣಿನ ಡಾಕ್ಟ್ರು ಬೇಡ ಅಂದ್ರು. ಎದುರಿಗಿರೋದು ಕಾಣುತ್ತೆ. ಪಕ್ಕದಿಂದ ಬರೋದು ಹತ್ರ ಬಂದ ಮೇಲೇ ಕಾಣೋದು. ಒಳಗಿನ ನರ ಒಣಗಿದೆಯಂತೆ, ವಾಪಸು ಬರಲ್ವಂತೆ. ಇರೋದನ್ನ ಉಳಿಸ್ಕೊಳ್ಳೋಕೆ ಔಷಧಿ ಹಾಕ್ಕೋತಿದೀನಿ."

ಮೇಷ್ಟ್ರಿಗೆ ಅದನ್ನು ಬಿಡಿಸಿ ಹೇಳಬೇಕಿರಲಿಲ್ಲ. ಪಕ್ಕ ನೋಡು, ಪಕ್ಕ ನೋಡು ಎಂದು ಮೂವತ್ತೊಂದು ವರ್ಷ ಊರಿಗೆಲ್ಲ ಅರಚಿದವರು ಅವರು. ಮನೆಯಲ್ಲಿ ಕಣ್ಣೆದುರೇ ಒಬ್ಬಳಿಗೆ ಪಕ್ಕ ಕಾಣದಾಗುತ್ತಿದ್ದದ್ದು ಅವರಿಗೆ ತಿಳಿಯಲಿಲ್ಲ. ತನ್ನಂಥ ಕುರುಡ ಇನ್ನೊಬ್ಬನಿಲ್ಲ ಅನ್ನಿಸಿತು. ಅರ್ಜಿಯನ್ನು ಮಡಿಸಿ ಮಡಿಸಿ ಬೆಂಕಿಪೊಟ್ಟಣದಷ್ಟು ಚಿಕ್ಕದು ಮಾಡಿ ಜೇಬಿಗೆ ಹಾಕಿಕೊಂಡರು.

ಕೊನೆಗೆ ಕಾರನ್ನು ಮೇಷ್ಟ್ರೇ ಓಡಿಸಿಕೊಂಡು ಹೊರಟರು. ಮೊದಲ ಸಿಗ್ನಲ್ಲಿನಲ್ಲಿ ಕೆಂಪು ದೀಪಕ್ಕೆ ನಿಲ್ಲಿಸಿದರು.

"ಹಿಂದಿನ ಅಂಗಳದಲ್ಲಿ ಒಂದು ಸುತ್ತು ಹಾಕ್ಬಹುದಿತ್ತು. ಅಲ್ಲಿ ಯಾರೂ ಪಕ್ಕದಿಂದ ಬರ್ತಿರಲಿಲ್ಲ" ಎಂದರು ಮೇಷ್ಟ್ರು.

"ಖಾಲಿ ಅಂಗಳ ಸುತ್ತೋಕೆ ನಾನು ಕಲೀಲಿಲ್ಲ ರೀ."

ಮೇಷ್ಟ್ರು ಕೇಳಬೇಕಾದದ್ದು ಇನ್ನೊಂದಿತ್ತು. ಹಸಿರು ದೀಪ ಬಂದು, ಹಿಂದಿನವರು ಹಾರ್ನ್ ಹೊಡೆದು, ಕಾರು ಮುಂದೆ ಹೋದ ಮೇಲೆ ಕೇಳಿದರು.

"ಆ ಮೊದಲನೇ ಕಾರು ಬಂದಾಗ ಕಣ್ಣು ಹೇಗಿತ್ತು?"

"ಓಡಿಸೋಷ್ಟಿತ್ತು. ಇಷ್ಟು ಬೇಗ ಇಳಿದಿದ್ದು ಆಮೇಲೇನೇ, ಡಾಕ್ಟ್ರೂ ಹಾಗೇ ಅಂದ್ರು." ಆಕೆ ಮಡಿಲಲ್ಲಿದ್ದ ಚೀಲದ ಹಿಡಿಕೆ ಸರಿಮಾಡಿಕೊಂಡರು. "ಅವತ್ತು ಬೆಳಿಗ್ಗೆ ಅಕ್ಕನಿಗೆ ಫೋನ್ ಮಾಡಿದ್ದೆ. ಶೋರೂಮಿಂದ ಸೀದಾ ಬರ್ತೀವಿ, ನಾನೇ ಓಡಿಸ್ಕೊಂಡು ಬರ್ತೀನಿ ಅಂದಿದ್ದೆ. ನೀವು ಪಕ್ಕದಲ್ಲಿ ಬಾಯಿ ಬಿಟ್ಕೊಂಡು ಕೂತಿರ್ತೀರ ಅಂತ ಇಬ್ರೂ ನಕ್ಕಿದ್ವಿ. ಅವಳು ಗೇಟು ತೆಗೆದಿಟ್ಟು ಕೂತಿದ್ಲಂತೆ. ನೀವು ಬ್ಯಾಟರಿ ಅಂದ್ಮೇಲೆ ಅವಳಿಗೆ ಹೇಳೋಕೆ ನಂಗೆ ಮನಸ್ಸಾಗ್ಲಿಲ್ಲ. ಸಂಜೆ ಅವಳೇ ಫೋನ್ ಮಾಡಿ, ಎಲ್ಲಿದೀಯ, ಹೊರಟ್ಯಾ ಅಂದ್ಲು."

"ಏನಂದೆ?"

"ಕಾರು ಇನ್ನೂ ಬಂದಿಲ್ಲ ಅಂದೆ. ಆಗಿಂದ ವಾರಕ್ಕೊಂದ್ಸಲ ಕೇಳ್ತಾಳೆ. ವಾರಕ್ಕೊಂದ್ಸಲ ಅದನ್ನೇ ಹೇಳ್ತೀನಿ."

ಮೇಷ್ಟ್ರು ತಪ್ಪಾಯ್ತು ಎನ್ನಬೇಕಿತ್ತು. ಎಷ್ಟೋ ಜನರ ಬಾಯಲ್ಲಿ ದಿನವೂ ಹೇಳಿಸಿದ ಮಾತು ಅವರ ಬಾಯಿಂದ ಮಾತ್ರ ಹೊರಡಲಿಲ್ಲ. ಅದರ ಬದಲು, "ಇವತ್ತು ಕೇಳಿದ್ರೆ?" ಎಂದರು.

ಆಕೆ ಎದುರಿನ ರಸ್ತೆಯನ್ನೇ ನೋಡುತ್ತಿದ್ದರು.

"ಕಾರು ಬಂತು ಅಂತೀನಿ" ಎಂದರು. "ನೀವು ಓಡಿಸ್ತಿದೀರ ಅಂತೀನಿ."