ಬಿಡ್ತು ಅನ್ನು

ಹೆಂಗಸರ ಡಾಕ್ಟರಾಗಬೇಕು ಅನ್ನೋದು ನನ್ನ ಹಟ. ಎಂಬಿಬಿಎಸ್ ಮುಗಿಸಿ ಚನ್ನಪಟ್ಟಣದ ಆಸ್ಪತ್ರೆಯೊಂದರಲ್ಲಿ ಡ್ಯೂಟಿ ಡಾಕ್ಟರಾಗಿದ್ದೆ. ಮೇಲಿನ ಓದಿಗೆ ಸೀಟು ಕೊಡುವ ಪರೀಕ್ಷೆಯನ್ನು ವರ್ಷಾ ವರ್ಷಾ ಬರೆದೆ. ನನ್ನ ಪಾಲಿಗೆ ಬರುತ್ತಿದ್ದದ್ದು ಮಾತ್ರ ಇನ್ಯಾರಿಗೂ ಬೇಡವಾದ ಯಾವುದೋ ಸೀಟು. ಬೇಡ ಅಂದೆ ಅಂತ ಮನೆಯವರು ಬೈದರು, ನಾನೂ ಬಿಡದೆ ವಾಪಸ್ ಬೈದೆ. ಕೊನೆಗೆ ಇಂಗ್ಲೆಂಡಿನಲ್ಲಿ ಆ ಓದಿಗೊಂದು ದಾರಿಯಿದೆ, ಅದಕ್ಕೂ ಮೊದಲು ಅವರ ಎರಡು ಪರೀಕ್ಷೆ ದಾಟಬೇಕು ಅಂತ ಗೊತ್ತಾಯಿತು. ಹೋಗೇ ಹೋಗ್ತೀನಿ ಅಂದುಬಿಟ್ಟೆ. ಹೋಗುವುದು ಅಂದರೆ ವಿಮಾನ ಹತ್ತುವುದು ಅಂದುಕೊಂಡಿದ್ದೆ, ನೋಡಿ ನನ್ನ ಬುದ್ಧಿ.

ಆಗ ನಾನಿದ್ದದ್ದು ವಿರೂಪಾಕ್ಷಿಪುರದ ಹತ್ತಿರ, ದೊಡ್ಡವ್ವನ ಮನೆಯಲ್ಲಿ. ದೊಡ್ಡವ್ವ ಅಂದರೆ ನಮ್ಮವ್ವನ ಅಕ್ಕ. ಅಪ್ಪ ಅವ್ವ ಇರುವುದು ಮಾಗಡಿ ಕಡೆ, ಅಲ್ಲಿಂದ ದಿನಾ ಚನ್ನಪಟ್ಟಣಕ್ಕೆ ಓಡಾಡುವುದು ಆಗದ ಮಾತು. ದೊಡ್ಡವ್ವನ ಹೆಣ್ಣುಮಕ್ಕಳು ಮದುವೆಯಾಗಿ ಸಾತನೂರು, ಕನಕಪುರ ಸೇರಿದ್ದರು. ಮನೆಯಲ್ಲಿ ಉಳಿದಿದ್ದು ದೊಡ್ಡವ್ವ, ದೊಡ್ಡಪ್ಪ, ಒಂದು ಮಂದೆ ಕುರಿ ಮತ್ತು ನಾನು.

ದೊಡ್ಡವ್ವ ಕೂರುವವಳೇ ಅಲ್ಲ. ನಿಂತೇ ಬಡಿಸುತ್ತಾಳೆ, ನಿಂತೇ ಉಣ್ಣುತ್ತಾಳೆ, ಧಾರಾವಾಹಿಯನ್ನೂ ನಡುಮನೆ ಕಂಬಕ್ಕೆ ಒರಗಿ ನಿಂತೇ ನೋಡಿ ಮುಗಿಸುತ್ತಾಳೆ. ಮದುವೆ ಮನೆಗೆ ಹೋದರೂ ಚಾಪೆ ಮೇಲೆ ಕೂರಳು. ದೊಡ್ಡಮಳೂರಿನ ದೇವಸ್ಥಾನಕ್ಕೆ ಬಾ ದೊಡ್ಡವ್ವ ಅಂದರೆ, "ನೀವ್ ಹೋಗ್ಬನ್ನಿ, ಬಸ್ಸಲ್ ಕೂತ್ರೆ ನಂಗೆ ತಲೆ ತಿರುಗ್ತದೆ" ಅನ್ನುತ್ತಿದ್ದಳು. ಎಂಥಾ ಗಟ್ಟಿಗಿತ್ತಿ ಅಂತ ಊರೆಲ್ಲ ಹೊಗಳುತ್ತಿತ್ತು. ನಾನೂ ಹೊಗಳುತ್ತಿದ್ದೆ.

ಕಾಗದ ಪತ್ರದ ಕಥೆ ಶುರುವಾಯಿತು. ನಾನು ಒಳ್ಳೆಯ ನಡತೆಯ ಡಾಕ್ಟರು, ನನ್ನ ಮೇಲೆ ಯಾವ ದೂರೂ ಇಲ್ಲ ಅಂತ ಒಂದು ಸರ್ಟಿಫಿಕೇಟು ಬೇಕಂತೆ. ಅದಕ್ಕೆ ಬೆಂಗಳೂರಿಗೆ ಅಲೆದೆ. "ನೀನು ಒಳ್ಳೇವ್ಳು ಅಂತ ಅವ್ರಿಗೇನ್ ಗೊತ್ತವ್ವ? ನಾನ್ ಹೇಳಿದ್ರೆ ಸಾಲ್ದಾ?" ಅಂತ ದೊಡ್ಡವ್ವನ ತಕರಾರು. ಪಾಸ್‌ಪೋರ್ಟಿನ ಪೊಲೀಸ್ ವಿಚಾರಣೆಗೆ ಬಂದ ಪೇದೆ ಎರಡು ಲೋಟ ಕಾಫಿ ಕುಡಿದು, ನನ್ನ ಬಗ್ಗೆ ಒಂದು ಮಾತೂ ಕೇಳದೆ, ತನ್ನ ಮಂಡಿ ನೋವಿಗೆ ಮಾತ್ರೆ ಬರೆಸಿಕೊಂಡು ಹೋದ. ನಾನು ದೇಶ ಬಿಟ್ಟು ಹೋಗಲು ಯೋಗ್ಯಳು ಅನ್ನುವುದು ಹಾಗೆ ತೀರ್ಮಾನವಾಯಿತು.

ಎಲ್ಲಕ್ಕಿಂತ ದೊಡ್ಡ ಪುಣ್ಯ ಕಟ್ಟಿಕೊಂಡವನು ದೊಡ್ಡಪ್ಪ. ಕಾಲೇಜಿನವರು ನನ್ನ ಅಂಕಪಟ್ಟಿಯ ಪ್ರತಿಯನ್ನು ಕವರಿಗೆ ಹಾಕಿ, ಅಂಟಿಸಿ, ಅಂಟಿಸಿದ ಬಾಯಿಗೆ ಮೊಹರು ಒತ್ತಿ ಕಳಿಸಿದ್ದರು. ಅದನ್ನು ಒಡೆಯದೆ ಹಾಗೇ ಮುಂದಕ್ಕೆ ಕಳಿಸಬೇಕು. ಒಡೆದರೆ ಕಸ. ಸಂಜೆ ಡ್ಯೂಟಿ ಮುಗಿಸಿ ಬಂದರೆ ದೊಡ್ಡಪ್ಪ ಜಗಲಿಯಲ್ಲಿ ನಗುತ್ತಾ ಕೂತಿದ್ದಾನೆ, ಕೈಯಲ್ಲಿ ಏನೋ ಫಳಫಳ ಹೊಳೀತಿದೆ.

"ಮಳೆಗಾಲ ಕಣವ್ವ, ನೆಂದು ಗಿಂದು ಹೋದಾತು ಅಂತ ಪ್ಯಾಟೆಗೆ ಹೋಗಿ ಲ್ಯಾಮಿನೇಷನ್ ಮಾಡುಸ್ಬುಟ್ಟೆ."

ಕವರು ಒಡೆದು ತೆಗೆದ ಅಂಕಪಟ್ಟಿ ಮಾತ್ರವಲ್ಲ, ವೀಸಾಕ್ಕೆ ಅಂತ ತೆಗೆಸಿಟ್ಟಿದ್ದ ನನ್ನ ಫೋಟೋಗಳನ್ನೂ ಸಾಲಾಗಿ ಜೋಡಿಸಿ ಒಂದೇ ಹಾಳೆಯಾಗಿ ಪ್ಲಾಸ್ಟಿಕ್ಕಿನೊಳಗೆ ಮುಚ್ಚಿಸಿದ್ದ. ಅಯ್ಯೋ ದೇವರೇ! ಕೂಗಾಡೋಣ ಅಂದರೆ ಆ ಮುಖ ನೋಡಿ ಬಾಯಿ ಬರಲಿಲ್ಲ. ಹಿತ್ತಲಿಗೆ ಹೋಗಿ ಕುರಿಗಳನ್ನು ಬೈದು ಬಂದೆ. ಮತ್ತೆ ಕಾಲೇಜು, ಮತ್ತೆ ಅರ್ಜಿ, ಮತ್ತೆ ಕವರು. ಪ್ಲಾಸ್ಟಿಕ್ಕಿನ ಅಂಕಪಟ್ಟಿ ಇವತ್ತಿಗೂ ದೊಡ್ಡಪ್ಪನ ಮನೆಯ ಗೋಡೆ ಮೇಲೆ, ದೇವರ ಕ್ಯಾಲೆಂಡರಿನ ಪಕ್ಕದಲ್ಲಿದೆ.

ಮೊದಲ ಪರೀಕ್ಷೆ ಬರವಣಿಗೆಯದು, ದಾಟಿದೆ. ಎರಡನೆಯದಕ್ಕೆ ಆ ದೇಶಕ್ಕೇ ಹೋಗಬೇಕು. ಅಲ್ಲಿ ಸಾಲಾಗಿ ಸಣ್ಣ ಸಣ್ಣ ಕೋಣೆ. ಒಂದೊಂದರಲ್ಲೂ ಒಬ್ಬರು ರೋಗಿಯ ಹಾಗೆ ನಟಿಸುತ್ತಾ ಕೂತಿರುತ್ತಾರೆ, ಮೂಲೆಯಲ್ಲಿ ಪರೀಕ್ಷಕರು ಬಾಯಿ ಬಿಡದೆ ಅಂಕ ಹಾಕುತ್ತಿರುತ್ತಾರೆ. ಗಂಟೆ ಬಾರಿಸಿದರೆ ಒಳಗೆ, ಬಾರಿಸಿದರೆ ಹೊರಗೆ. ಕಾಯಿಲೆ ಕಂಡುಹಿಡಿದರೆ ಸಾಲದು. ರೋಗಿಯನ್ನು ಮೂರು ಮಾತು ಕೇಳಲೇಬೇಕು: ಇದು ಏನಿರಬಹುದು ಅಂತ ನಿಮಗನ್ನಿಸುತ್ತದೆ, ನಿಮಗೆ ಏನು ಭಯ, ನನ್ನಿಂದ ಏನಾಗಬೇಕು. ನಮ್ಮ ಓಪಿಡಿಯಲ್ಲಿ ಇದನ್ನು ಕೇಳಿದರೆ, "ನಂಗ್ ಗೊತ್ತಿದ್ರೆ ನಿನ್ ತಾವ್ ಯಾಕ್ ಬತ್ತಿದ್ದೆ ಮೇಡಮ್ಮೋ?" ಅಂತಾರೆ. ಸರದಿಯಲ್ಲಿ ನಿಂತವರು ಅದಕ್ಕೆ ನಗುತ್ತಾರೆ ಬೇರೆ.

ಅಭ್ಯಾಸಕ್ಕೆ ಒಬ್ಬ ರೋಗಿ ಬೇಕಲ್ಲ? ಇದ್ದವಳು ದೊಡ್ಡವ್ವ. ಇಂಗ್ಲಿಷು ನನಗೆ ತೊಡಕಲ್ಲ, ತೊಡಕಿದ್ದದ್ದು ಆ ಪ್ರಶ್ನೆಗಳು ನಾಲಿಗೆಗೆ ಹತ್ತುವುದು. ಕನ್ನಡದಲ್ಲೇ ಹತ್ತಲಿ ಅಂತ ದೊಡ್ಡವ್ವನನ್ನು ಕರೆದೆ.

"ನಿನಗೆ ಎದೆ ನೋವು ಅಂತ ಇಟ್ಕೊ. ನಂಗೆ ಎದೆ ನೋಯ್ತೈತೆ ಅನ್ನು."

ದೊಡ್ಡವ್ವ ಕಣ್ಣು ಅಗಲ ಮಾಡಿದಳು. "ಬುಡ್ತು ಅನ್ನು! ಮೊದ್ಲು ಬುಡ್ತು ಅನ್ನು!"

"ಬಿಡ್ತು" ಅಂದೆ. ನಮ್ಮ ಕಡೆ ಕೆಟ್ಟ ಮಾತು ಬಾಯಿಗೆ ಬಂದರೆ ಹಾಗನ್ನಿಸದೆ ಬಿಡುವುದಿಲ್ಲ. ಅನ್ನದಿದ್ದರೆ ಆಡಿದ್ದೇ ನಿಜವಾಗಿಬಿಡುತ್ತದಂತೆ.

"ಆಟಕ್ಕೆ ದೊಡ್ಡವ್ವ."

"ಆಟಕ್ಕಾದ್ರೂ ಇಲ್ದಿರೋ ರೋಗಾನ ನನ್ ಬಾಯಲ್ ಯಾಕ್ ಕರೀಲಿ? ಅಸ್ತು ದ್ಯಾವತೆ ಕೇಳುಸ್ಕಂಡ್ರೆ?"

ಗೋಗರೆದೆ, ರೇಗಿದೆ, ಉಪವಾಸ ಮಾಡ್ತೀನಿ ಅಂತ ಹೆದರಿಸಿದೆ. ಆಮೇಲೆ ದೊಡ್ಡವ್ವನೇ ಒಂದು ದಾರಿ ಹುಡುಕಿದಳು. ಕುರ್ಚಿಯ ಮೇಲೆ ಒಂದು ದಿಂಬು ತಂದಿಟ್ಟಳು. ತಾನು ಎಂದಿನಂತೆ ಕಂಬಕ್ಕೆ ಒರಗಿ ನಿಂತಳು. "ಇವ್ಳು ನಮ್ ವಾರಗಿತ್ತಿ ಮಗ್ಳು. ಪಾಪ, ಮಾತಾಡಕ್ಕಾಗಲ್ಲ. ನಾನ್ ಹೇಳ್ತೀನಿ, ಕೇಳಿ ಡಾಕ್ಟ್ರಮ್ಮ" ಅಂದಳು.

ಅಲ್ಲಿಂದ ಶುರು ನೋಡಿ! ದಿಂಬಿಗೆ ಬರದ ಕಾಯಿಲೆಯಿಲ್ಲ. ದಿಂಬಿಗೆ ಸಕ್ಕರೆ ಕಾಯಿಲೆ, ದಿಂಬಿಗೆ ಕಾಮಾಲೆ, ದಿಂಬಿಗೆ ಕುಡುಕ ಗಂಡ. ದೊಡ್ಡವ್ವ ಕಣ್ಣೀರು ಬರಿಸುವ ಹಾಗೆ ಹೇಳುತ್ತಿದ್ದಳು, ದೊಡ್ಡಪ್ಪ ಮೂಲೆಯಿಂದ "ಅವ್ನ ಕರ್ಕೊಂಡ್ಬಾ, ನಾಕ್ ಬಿಡ್ತೀನಿ" ಅಂತ ಗಂಡನ ಮೇಲೆ ಕೋಪ ಮಾಡಿಕೊಳ್ಳುತ್ತಿದ್ದ. ನಾನು ಆ ಮೂರೂ ಪ್ರಶ್ನೆಗಳನ್ನು ಕಂಬದ ಕಡೆ ತಿರುಗಿ ಕೇಳಿ ಕೇಳಿ ಪಳಗಿಹೋದೆ. ಹೊಸದೇನಲ್ಲವಲ್ಲ. ಆಸ್ಪತ್ರೆಯಲ್ಲೂ ನಮ್ಮ ಹೆಂಗಸರು ಒಬ್ಬರೇ ಬರುವುದಿಲ್ಲ. ರೋಗಿ ಸ್ಟೂಲಿನ ಮೇಲೆ ತಲೆ ತಗ್ಗಿಸಿ ಕೂರುತ್ತಾಳೆ, ಹಿಂದೆ ನಿಂತ ಅತ್ತೆಯೋ ಗಂಡನೋ ಎಲ್ಲ ಹೇಳುತ್ತಾರೆ, ನಾವು ನಿಂತವರನ್ನೇ ಕೇಳಿ ಮಾತ್ರೆ ಬರೆಯುತ್ತೇವೆ.

ಇಂಗ್ಲೆಂಡಿಗೆ ಹೋದೆ. ಚಳಿಗೆ ಹಲ್ಲು ಕಟಕಟ, ಹೆದರಿಕೆಗೆ ಇನ್ನೊಂದಿಷ್ಟು ಕಟಕಟ. ಮೊದಲ ಕೋಣೆಯ ಬಾಗಿಲು ತೆಗೆದರೆ ಕುರ್ಚಿಯಲ್ಲಿ ಒಬ್ಬಾಕೆ ತಲೆ ತಗ್ಗಿಸಿ ಕೂತಿದ್ದಾಳೆ. ಮೂಲೆಯಲ್ಲಿ ಕನ್ನಡಕದ ಹಿರಿಯರೊಬ್ಬರು. ನನ್ನ ಕತ್ತು ತಾನಾಗಿ ಮೂಲೆಗೆ ತಿರುಗಿತು. "ಇವರಿಗೆ ಎಷ್ಟು ದಿನದಿಂದ ಹೀಗಿದೆ?" ಅಂತ ಇಂಗ್ಲಿಷಿನಲ್ಲಿ, ಬಹಳ ಮರ್ಯಾದೆಯಿಂದ, ಪರೀಕ್ಷಕರನ್ನೇ ಕೇಳಿದೆ.

ಅವರು ಕನ್ನಡಕದ ಮೇಲಿಂದ ನೋಡಿದರು. ಮಾತಾಡಲಿಲ್ಲ. ಪಾಪ, ದುಃಖದಲ್ಲಿರಬೇಕು ಅಂದುಕೊಂಡು ನಾನು ಇನ್ನೂ ಮೆತ್ತಗೆ, "ನೀವು ಇವರ ಯಜಮಾನರಾ?" ಅಂದೆ.

"ಡಾಕ್ಟರ್, ನಾನು ಇಲ್ಲೇ ಇದ್ದೀನಿ" ಅಂದಳು ಕುರ್ಚಿಯವಳು.

ಭೂಮಿ ಬಾಯಿ ಬಿಡಬಾರದಾ ಅನ್ನಿಸಿತು. ಆಮೇಲಿನ ಕೋಣೆಗಳಲ್ಲೂ ಅದೇ ಹಣೆಬರಹ. ಕುರ್ಚಿ ನೋಡಬೇಕು ಅಂತ ಬುದ್ಧಿ ಹೇಳುತ್ತದೆ, ಕತ್ತು ಮೂಲೆಗೆ ಹೋಗುತ್ತದೆ. ಫೇಲಾದೆ. ಡಾಕ್ಟರು ರೋಗಿಯ ಜೊತೆ ಮಾತಾಡುವುದಿಲ್ಲ ಅಂತ ಷರಾ ಬಂತು. ಇವೆರಡಕ್ಕೂ ಮೊದಲೇ ಪಾಸು ಮಾಡಿದ್ದ ಇಂಗ್ಲಿಷ್ ಭಾಷೆಯ ಪರೀಕ್ಷೆಯ ಅಂಕಕ್ಕೂ ಒಂದು ಆಯಸ್ಸಿದೆ, ಅದು ಮುಗಿಯುತ್ತಾ ಬಂದಿತ್ತು. ಮುಗಿಯುವುದರೊಳಗೆ ಇನ್ನೊಂದೇ ಸಲ ಕೂರಬಹುದು. ಆಗಲೂ ಹೋದರೆ ಮತ್ತೆ ಮೊದಲಿಂದ ಶುರು ಮಾಡುವ ಚೈತನ್ಯ ನನ್ನಲ್ಲಿರಲಿಲ್ಲ. ಹೆಂಗಸರ ಡಾಕ್ಟರಾಗುವ ಆಸೆಗೆ ಅಲ್ಲಿಗೆ ಎಳ್ಳುನೀರು.

ಊರಿಗೆ ಬಂದು ಎಲ್ಲ ಹೇಳಿದೆ. ದೊಡ್ಡಪ್ಪ ಹೊಟ್ಟೆ ಹಿಡಿದುಕೊಂಡು ನಕ್ಕ. ದೊಡ್ಡವ್ವ ನಗಲಿಲ್ಲ.

"ನಾನ್ ದಿಂಬು ಮಡುಗಿದ್ದಕ್ಕಾ ಮಗ ನೀನ್ ಫೇಲಾಗಿದ್ದು?"

"ಇಲ್ಲ ಬಿಡು, ನನ್ನ ಕತ್ತಿನ ದೋಷ" ಅಂದೆ. ಅವಳು ಒಪ್ಪಲಿಲ್ಲ.

ಆಮೇಲೊಂದು ಭಾನುವಾರ ಮಧ್ಯಾಹ್ನ, ದೊಡ್ಡಪ್ಪ ಕುರಿ ಹೊಡೆದುಕೊಂಡು ಹೋಗಿದ್ದಾಗ, ದೊಡ್ಡವ್ವ ದಿಂಬನ್ನು ತೆಗೆದು ಒಳಗಿಟ್ಟಳು. ಹಳೇ ಸೀರೆಯೊಂದನ್ನು ಮಡಿಸಿ ಕುರ್ಚಿ ಮೇಲೆ ಹಾಕಿದಳು. ಅದರ ಮೇಲೆ ಕೂತಳು. ದೊಡ್ಡವ್ವ ಕೂತದ್ದು ನೋಡಿ ನನಗೇ ಒಂಥರಾ ಆಯಿತು.

"ಊಂ, ಕೇಳು. ನಂಗೇ ಅಂತ ಕೇಳು."

ನನಗೆ ಖುಷಿಯೋ ಖುಷಿ. ಸ್ಟೂಲು ಎಳೆದುಕೊಂಡು ಎದುರಿಗೆ ಕೂತು, ಗಂಟಲು ಸರಿಮಾಡಿಕೊಂಡು, ಏನು ತೊಂದರೆ ಅಂತ ಕೇಳಿದೆ.

"ಕೆಳಗೆ ಏನೋ ಜಾರ್‍ದಂಗಾಯ್ತದೆ. ಕೆಮ್ಮಿದ್ರೆ, ಕೊಡ ಎತ್ತಿದ್ರೆ ಸೀರೆ ಒದ್ದೆಯಾಯ್ತದೆ."

ಅಬ್ಬಾ, ಎಂಥಾ ನಟನೆ ಅಂದುಕೊಂಡೆ. "ಇದು ಏನಿರಬೋದು ಅಂತ ನಿಮಗನ್ಸುತ್ತೆ?"

"ಗರ್ಭ ಜಾರೈತೆ ಅನ್ನುಸ್ತದೆ. ಎರಡ್ನೇ ಹೆರಿಗೆ ಆದಾಗ್ಲಿಂದ್ಲೂ ಒಸಿ ಹಂಗೇ ಇತ್ತು. ಈಗ ಜಾಸ್ತಿಯಾಗೈತೆ."

"ನಿಮಗೆ ಏನು ಭಯ?"

ದೊಡ್ಡವ್ವ ಸೆರಗಿನ ತುದಿ ನೋಡಿಕೊಂಡಳು. "ಕೂತಿದ್ ಜಾಗ ಒದ್ದೆಯಾದ್ರೆ ಅಂತ. ಬಸ್ಸಲ್ಲಿ ಯಾರಾದ್ರೂ ಮೂಗ್ ಮುಚ್ಕಂಡ್ರೆ ಅಂತ. ಇಂಥ ಮೈಯಲ್ಲಿ ದ್ಯಾವಸ್ಥಾನಕ್ ಹೆಂಗ್ ಹೋಗದು ಅಂತ."

"ಸೂಪರ್ ದೊಡ್ಡವ್ವ!" ಅಂತ ಚಪ್ಪಾಳೆ ತಟ್ಟಿದೆ. "ಯಾರದು ಈ ಕಥೆ? ಮತ್ತೆ ಈ ಸಲ ಬಿಡ್ತು ಅನ್ನು ಅನ್ಲೇ ಇಲ್ವಲ್ಲ ನೀನು?"

"ಬರಬಾರ್ದು ಅನ್ನೋದಕ್ಕೆ ಹಂಗನ್ಬೇಕು ಕಣವ್ವ. ಬಂದ್ಬುಟ್ಟಿರೋದಕ್ಕೆ ಏನನ್ನೋದು?"

ತಟ್ಟುತ್ತಿದ್ದ ಕೈ ಹಾಗೇ ನಿಂತಿತು. ಕಂಬ, ಚಾಪೆ, ತಲೆ ತಿರುಗುವ ಬಸ್ಸು, ಎಲ್ಲ ಒಟ್ಟಿಗೆ ಅರ್ಥವಾಯಿತು. ಹೆಂಗಸರ ಡಾಕ್ಟರಾಗ್ತೀನಿ ಅಂತ ಸಮುದ್ರ ದಾಟಿ ಹೋಗಿ ಬಂದವಳು ನಾನು! ಆದರೂ ಮೂರನೇ ಪ್ರಶ್ನೆ ಬಾಕಿಯಿತ್ತು. "ನನ್ನಿಂದ ಏನಾಗಬೇಕು?" ಅಂದೆ.

"ಒಂದ್ಸಲ ದೊಡ್ಡಮಳೂರ್ಗೆ ಕೂತ್ಕಂಡ್ ಹೋಗ್ಬೇಕು" ಅಂದಳು. ಇಬ್ಬರೂ ಅತ್ತೆವು. ಆಮೇಲೆ ಅವಳೇ, "ಪಾಸಾದ್ನಾ?" ಅಂತ ಕೇಳಿ ನಗಿಸಿದಳು.

ರಾಮನಗರದಲ್ಲಿ ನನಗೆ ಪರಿಚಯವಿದ್ದ ಹಿರಿಯ ಲೇಡಿ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ದೊಡ್ಡವ್ವ ಸ್ಟೂಲಿನ ಮೇಲೆ ತಲೆ ತಗ್ಗಿಸಿ ಕೂತಳು, ನಾನು ಹಿಂದೆ ನಿಂತೆ. ಡಾಕ್ಟರು ನನ್ನ ಮುಖ ನೋಡಿ, "ಎಷ್ಟು ದಿನದಿಂದ ಇದೆಯಂತೆ?" ಅಂದರು. "ಅವರನ್ನೇ ಕೇಳಿ ಮೇಡಂ" ಅಂದೆ. ದೊಡ್ಡವ್ವ ತಲೆಯೆತ್ತಿ ಮೊದಲಿಂದ ಕೊನೆಯವರೆಗೆ ತಾನೇ ಹೇಳಿದಳು. ಆಪರೇಷನ್ ಆಯಿತು. ಭಾರ ಎತ್ತಕೂಡದು ಅಂತ ಕಟ್ಟಪ್ಪಣೆಯಾದದ್ದರಿಂದ ದೊಡ್ಡಪ್ಪ ನಲ್ಲಿಯಿಂದ ಕೊಡ ಹೊರತೊಡಗಿದ. ಊರಿನ ಗಂಡಸರು ರೇಗಿಸಿದರೆ, "ನಿಮ್ ಮನೇದೂ ತಂದ್ಕೊಡ್ಲೇನ್ಲಾ?" ಅನ್ನುತ್ತಿದ್ದ.

ಎರಡನೇ ಸಲ ಪರೀಕ್ಷೆಗೆ ಹೋದಾಗ ಮೂಲೆಯಲ್ಲಿ ಯಾರಿದ್ದರು ಅಂತ ಕೇಳಿದರೆ ನನಗೆ ಗೊತ್ತಿಲ್ಲ. ನನ್ನ ಕಣ್ಣು ಕುರ್ಚಿ ಬಿಟ್ಟು ಕದಲಲಿಲ್ಲ. ಪಾಸಾದೆ. ಕೆಲಸ ಸಿಕ್ಕಿತು, ಅದೂ ಹೆಂಗಸರ ವಾರ್ಡಿನಲ್ಲೇ. ವೀಸಾ ಬಂತು. ದೊಡ್ಡಪ್ಪನ ಕಣ್ಣಿಗೆ ಬೀಳುವ ಮೊದಲೇ ಪಾಸ್‌ಪೋರ್ಟನ್ನು ಬೀರುವಿಗೆ ಹಾಕಿ ಬೀಗ ಜಡಿದೆ.

ಹೊರಡುವ ಹಿಂದಿನ ದಿನ ದೊಡ್ಡವ್ವನೂ ನಾನೂ ದೊಡ್ಡಮಳೂರಿಗೆ ಹೋದೆವು. ಬಸ್ಸಿನಲ್ಲಿ ಅವಳು ಕಿಟಕಿ ಪಕ್ಕದ ಸೀಟು ಹಿಡಿದು, ಕಾಲು ಚಾಚಿ, ಬಸ್ಸು ತನ್ನದೇ ಅನ್ನುವ ಹಾಗೆ ಕೂತಿದ್ದಳು. ಹಾದಿ ಬದಿಯ ಹಿಪ್ಪುನೇರಳೆ ತೋಟ ನೋಡುತ್ತಿದ್ದವಳು ನನ್ನ ಕಡೆ ತಿರುಗಿದಳು.

"ಈಗ್ ನಾನ್ ಕೇಳ್ತೀನಿ. ನಿಂಗೇನ್ ಭಯ ಮಗ?"

"ಏನಿಲ್ಲ ದೊಡ್ಡವ್ವ. ಅಲ್ಲಿಗೆ ಹೋದವರಿಗೆಲ್ಲ ಮೊದಮೊದಲು ಒಂಚೂರು ಹಂಗೆ ಆಗುತ್ತಂತೆ, ಆಮೇಲೆ..."

"ಹೋದವ್ರ ಕಥೆ ಯಾರ್ ಕೇಳಿದ್ರು? ದಿಂಬು ಬುಟ್ಟು ನಿಂದು ಹೇಳು."

ಕಂಡಕ್ಟರು ಟಿಕೆಟ್ ಟಿಕೆಟ್ ಅಂತ ಹತ್ತಿರ ಬರುತ್ತಿದ್ದ. ಹೇಳಿಬಿಟ್ಟೆ. "ನಾನು ಅಲ್ಲಿ ಒಬ್ಬಳೇ ಆಗ್ಬಿಡ್ತೀನಿ ಅಂತ ಭಯ ಆಗ್ತೈತೆ ದೊಡ್ಡವ್ವ. ಒಂದಿನ ನಾನು ಕಾಯಿಲೆ ಬಿದ್ರೆ ಪಕ್ಕದಲ್ಲಿ ಯಾರಿರ್ತಾರೆ?"

ಅವಳು ಬಿಡ್ತು ಅನ್ನು ಅನ್ನುತ್ತಾಳೆ ಅಂತ ಕಾದೆ. ಅನ್ನಲಿಲ್ಲ. ನನ್ನ ಕೈಯನ್ನು ತನ್ನ ಮಡಿಲಿಗೆ ಎಳೆದುಕೊಂಡು, "ಊಂ. ಇನ್ನೂ ಏನೈತೆ, ಹೇಳು" ಅಂದಳು.